ಮೊದಲ ಪಂಪು ಮಾಲಕರದು

ನಮ್ಮ ಹಳೆಯ ಸಾಹೇಬರು ತೀರಿಹೋದ ಸುದ್ದಿ ಬಂದದ್ದು ನಮ್ಮ ಇಲಾಖೆಯವರ ವಾಟ್ಸಾಪ್ ಗುಂಪಿನಲ್ಲಿ. ಅರ್ಧ ತಾಸಿನೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಜಮೀನುದಾರರ ಮಾತಿಗೆ ಅವರನ್ನು ಬೈಲಹೊಂಗಲದಿಂದ ಕಿತ್ತವರೇ ಎಲ್ಲರಿಗಿಂತ ಉದ್ದ ಬರೆದಿದ್ದರು: ರೈತರ ಬಂಧು, ನೇರ ನುಡಿಯ ಅಧಿಕಾರಿ, ತುಂಬಲಾರದ ನಷ್ಟ. ಓದುತ್ತ ಹೋದಂತೆ ನನಗೆ ಅವರ ದನಿಯೇ ಕೇಳಿದಂತಾಯಿತು. ಕಚೇರಿಯಲ್ಲಿ ಯಾರದಾದರೂ ಸಂತಾಪ ಸಭೆ ನಡೆದರೆ ಅವರು ಹಿಂದಿನ ಕುರ್ಚಿಯಲ್ಲಿ ಕೂಡುತ್ತಿದ್ದರು. ಮೌನಾಚರಣೆ ಮುಗಿದು ಭಾಷಣ ಸುರುವಾಗುತ್ತಲೇ ನನ್ನ ಕಿವಿಗೆ ಬಾಗುತ್ತಿದ್ದರು.

"ಸತ್ತ ಮ್ಯಾಲೆ ಮನಷ್ಯಾ ಎಷ್ಟ ಸುಧಾರಿಸ್ತಾನ ನೋಡು ತಮ್ಮಾ."

ತಾವೂ ಇಷ್ಟು ಬೇಗ ಸುಧಾರಿಸುತ್ತೇವೆಂದು ಅವರು ಎಣಿಸಿರಲಿಕ್ಕಿಲ್ಲ.

ಅವರು ಕೃಷಿ ಇಲಾಖೆಯಲ್ಲಿ ಸಣ್ಣ ಅಧಿಕಾರಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೈಲಹೊಂಗಲದಲ್ಲಿ ಅವರ ಕೈಕೆಳಗೆ ಬಿದ್ದೆ. ಉದ್ದ ಆಳು, ಬಡಕಲು ಮೈ, ಸದಾ ಬಾಯಲ್ಲಿ ಒಂದು ಲವಂಗ. ಅವರ ಬೈಕಿಗೆ ಎರಡು ಬದಿ ಚೀಲಗಳು ಜೋತುಬಿದ್ದಿರುತ್ತಿದ್ದವು. ಬೇರೆ ಅಧಿಕಾರಿಗಳ ಚೀಲದಲ್ಲಿ ಹೊಲದಿಂದ ಬಂದ ತಾಜಾ ಕಾಯಿಪಲ್ಲೆ ಇರುತ್ತಿತ್ತು. ಇವರ ಚೀಲದಲ್ಲಿ ಬಟ್ಟೆಸಾಬೂನು, ಟವೆಲ್, ನೀರಿನ ಕ್ಯಾನು. ಇದರಿಂದಲೇ ಗೊತ್ತಾಗುತ್ತದೆ, ಇಲಾಖೆಯಲ್ಲಿ ಅವರು ಮುಂದೆ ಬರುವ ಮನುಷ್ಯರಲ್ಲವೆಂದು.

ಊರೂರ ಜಮೀನುದಾರರು ಅವರಿಗೆ ಹೊಗಳುಭಟ್ಟ ಎಂದು ಹೆಸರಿಟ್ಟಿದ್ದರು. ಅವರು ಯಾರನ್ನೂ ಬೈದವರಲ್ಲ. ಬರೀ ಹೊಗಳುತ್ತಿದ್ದರು. ಅವರ ಹೊಗಳಿಕೆ ತಿಂದವನು ಮೂರು ದಿನ ಊರಲ್ಲಿ ಮುಖ ತೋರಿಸುತ್ತಿರಲಿಲ್ಲ. ಒಮ್ಮೆ ಒಂದು ಮೆಣಸಿನಕಾಯಿ ಹೊಲದಲ್ಲಿ ಆಳುಗಳ ಬುತ್ತಿಗಂಟುಗಳೂ ಕೀಟನಾಶಕದ ಡಬ್ಬಿಗಳೂ ಒಂದೇ ಗಿಡದ ಬುಡದಲ್ಲಿ ಒತ್ತಿಕೊಂಡು ಕೂತಿದ್ದವು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ, ಎಷ್ಟೋ ಪ್ರೀತಿಯ ಹೆಸರು. ಇವರು ಹೊಲದ ಗೌಡರ ಕಡೆ ತಿರುಗಿ ಕೈಮುಗಿದರು.

"ಗೌಡ್ರ, ನಿಮ್ಮಷ್ಟ ದೂರದೃಷ್ಟಿ ಇದ್ದವರನ್ನ ನಾ ನೋಡಿಲ್ರಿ. ರೊಟ್ಟಿ, ಎಣ್ಣಿ ಒಂದ ಕಡೆ ಇಟ್ಟೀರಿ. ಹುಳಕ್ಕೊಮ್ಮೆ, ಆಳಿಗೊಮ್ಮೆ ಅಂತ ಬ್ಯಾರೆ ಬ್ಯಾರೆ ತಿರಗ್ಯಾಡೂದು ತಪ್ಪಿತು."

ಗೌಡರು ನಕ್ಕರು. ಅರ್ಥವಾದ ಮೇಲೆ ನಗು ನಿಲ್ಲಿಸಿದರು. ಮರುದಿನ ಡಬ್ಬಿಗಳು ಪಂಪ್‌ಸೆಟ್ಟಿನ ಕೋಣೆಗೆ ಹೋದವು, ಬುತ್ತಿ ಗಿಡದ ಬುಡದಲ್ಲೇ ಉಳಿಯಿತು.

ನಮ್ಮ ಸೀಮೆಯ ಮಾಲಕರ ಬಗ್ಗೆ ಯಾರೂ ತಪ್ಪು ತಿಳಿಯಬಾರದು. ಆಳುಗಳನ್ನು ಮನೆಯ ಮಕ್ಕಳ ಹಾಗೆ ನೋಡಿಕೊಳ್ಳುತ್ತೇವೆ ಎಂದು ಅವರೇ ಹೇಳುತ್ತಾರೆ. ಮನೆಯ ಮಕ್ಕಳನ್ನು ಬರಿಗಾಲಲ್ಲಿ, ಮೂಗಿಗೆ ಬಟ್ಟೆಯಿಲ್ಲದೆ, ಉರಿಬಿಸಿಲಲ್ಲಿ ಎಣ್ಣಿ ಹೊಡೆಯಲು ಕಳಿಸುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ಕೇಳಿದರೆ, "ಅವರಿಗೆ ರೂಢಿ ಆಗೇತ್ರಿ, ಏನೂ ಆಗೂದಿಲ್ಲ" ಅನ್ನುತ್ತಾರೆ. ವಿಷವೂ ಮನುಷ್ಯನಿಗೆ ರೂಢಿಯಾಗುತ್ತದೆ ಎನ್ನುವ ಈ ಜ್ಞಾನವನ್ನು ನಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ಇಲಾಖೆಯಿಂದ ಹೊಸ ಮಾದರಿಯ ಪಂಪು ಬಂದಿತ್ತು. ಬೆನ್ನಿಗೆ ಹೊತ್ತು ಎಣ್ಣಿ ಹೊಡೆಯುವುದು. ಅದರ ಪ್ರಾತ್ಯಕ್ಷಿಕೆಗೆಂದು ಬೈಲಹೊಂಗಲದ ಹತ್ತಿರದ ಒಂದು ಹತ್ತಿ ಹೊಲದಲ್ಲಿ ಮಂದಿ ಸೇರಿಸಿದ್ದೆವು. ಹೊಲದ ಗೌಡರು ಇಸ್ತ್ರಿ ಅಂಗಿಯಲ್ಲಿ ಫೋಟೋಕ್ಕೆ ತಯಾರಾಗಿ ನಿಂತಿದ್ದರು. ಅವರ ಆಳು ಪಂಪು ಹೊರಲು ಮುಂದೆ ಬಂದ. ಇವರು ಕೈ ಅಡ್ಡ ಹಿಡಿದರು.

"ಏ ನಿಂದ್ರಪಾ ನೀ. ಗೌಡ್ರ, ಮನಿಗೆ ಹೊಸಾ ಟ್ರ್ಯಾಕ್ಟರ್ ಬಂದ್ರ ಮೊದಲ ಯಾರು ಕುಂಡ್ರತೀರಿ?"

"ನಾನ ಕುಂಡ್ರತೇನ್ರಿ."

"ಹೊಸಾ ಕಾರ್ ಬಂದ್ರ?"

"ನಾನ ಮತ್ತ."

"ಹಂಗಾದ್ರ ಹೊಸಾ ಪಂಪ್ ಬಂದ್ರ ಆಳಿಗ್ಯಾಕ್ರಿ ಆ ಮಾನ? ಮೊದಲ ಪಂಪು ಮಾಲಕರದು."

ಮಂದಿ ಚಪ್ಪಾಳೆ ತಟ್ಟಿದರು. ಮಾನ ಅಂದಮೇಲೆ ಗೌಡರು ಬಿಟ್ಟುಕೊಡುವವರಲ್ಲ. ಪಂಪು ಹೆಗಲಿಗೇರಿತು. ಮೊದಲ ಸಾಲಿನಲ್ಲಿ ಮೆರವಣಿಗೆಯಲ್ಲಿ ಹೋದಂತೆ ಹೋದರು. ಎರಡನೇ ಸಾಲಿಗೆ ತಿರುಗುವಾಗ ಗಾಳಿ ಎದುರಿಗೆ ಬಂತು. ಹೊಡೆದದ್ದೆಲ್ಲ ಮುಖಕ್ಕೆ, ಮೂಗಿಗೆ, ಇಸ್ತ್ರಿ ಅಂಗಿಗೆ. ಗೌಡರು ಕೆಮ್ಮಿದರು, ಉಗುಳಿದರು, ಪಂಪು ಕಳಚಿ ಒಗೆದು ಇವರ ಹತ್ತಿರ ಓಡಿಬಂದರು.

"ಸಾಹೇಬ್ರ, ಬಾಯಾಗ ಹೋತ್ರಿ. ನನಗೇನರ ಆಗತೈತೇನ್ರಿ?"

"ನಿಮಗೇನ ಆಗತೈತ್ರಿ ಗೌಡ್ರ? ನೀವ ಹೇಳ್ತೀರಲ್ಲ, ಏನೂ ಆಗೂದಿಲ್ಲಂತ."

ಗೌಡರು ಮನೆಗೆ ಹೋಗಿ ಮೇಲಿಂದ ಮೇಲೆ ಜಳಕ ಮಾಡಿದರಂತೆ. ಮಜ್ಜಿಗೆ ಕುಡಿದು ಮಲಗಿದರಂತೆ. ಪಂಪಿನಲ್ಲಿ ಇದ್ದದ್ದು ನೀರಿಗೆ ಬೆರೆಸಿದ ಬೇವಿನೆಣ್ಣೆ, ಬೇರೇನೂ ಅಲ್ಲ ಎಂದು ನನಗೆ ಗೊತ್ತಿತ್ತು, ಸಾಹೇಬರಿಗೆ ಗೊತ್ತಿತ್ತು. ಗೌಡರಿಗೆ ಮಾತ್ರ ಮರುದಿನ ಹೇಳಿದರು. ಒಂದು ರಾತ್ರಿಯಾದರೂ ಆಳಿನ ಎದೆಯಿಂದ ಉಸಿರಾಡಲಿ ಎಂದು ಇರಬೇಕು.

ಆ ವಾರವೇ ಗೌಡರ ಪಂಪ್‌ಸೆಟ್ಟಿನ ಕೋಣೆಗೆ ಮೂಗುಪಟ್ಟಿ, ಕೈಗವಸು, ಸಾಬೂನು ಬಂದವು. ಆಳಿನ ಆರೋಗ್ಯದ ಕಾಳಜಿಯಿಂದ ಬಂದವು ಅಂದರೆ ಸುಳ್ಳಾಗುತ್ತದೆ. ಇನ್ನೊಮ್ಮೆ ಸಾಹೇಬ ಬಂದು ಪಂಪು ಹೊರಿಸಿದರೆ ತಮಗೆ ಬೇಕಾಗುತ್ತದೆಂದು ಬಂದವು. ಬಂದಮೇಲೆ ಖಾಲಿ ಯಾಕೆ ಇಡಬೇಕೆಂದು ಆಳಿಗೂ ಸಿಕ್ಕವು. ಇವರಿಗೆ ಅಷ್ಟೇ ಸಾಕಾಗಿತ್ತು. ಮನಸ್ಸು ಪರಿವರ್ತನೆ ಮಾಡುವ ಕೆಲಸ ಮಠಗಳದು, ನಮ್ಮದು ಮೂಗು ಮುಚ್ಚಿಸುವುದು ಅಷ್ಟೇ ಅನ್ನುತ್ತಿದ್ದರು.

ಅಂದಿನಿಂದ ಅದೊಂದು ನೇಮವಾಯಿತು. ಯಾವ ಹೊಲಕ್ಕೆ ಹೋದರೂ ಮೊದಲ ಪಂಪು ಮಾಲಕರದು. ಅವರ ಬೈಕು ಊರ ಅಗಸಿ ದಾಟಿತೆಂದರೆ ಸಾಕು, ಊರಿನ ದೊಡ್ಡವರ ಬೆನ್ನುಮೂಳೆಗಳೆಲ್ಲ ಒಮ್ಮೆಲೇ ನೋಯುತ್ತಿದ್ದವು. ಒಬ್ಬರು ತಮ್ಮ ಬದಲಿಗೆ ಮನೆಯ ಅಳಿಯನನ್ನು ಕಳಿಸಿದರು. ಅಳಿಯ ಹೆಲ್ಮೆಟ್ ಹಾಕಿಕೊಂಡು ಬಂದ. ಇವರು ಅವನನ್ನು ಎಲ್ಲರೆದುರು ಹೊಗಳಿದರು, ಮಾವನಿಗಿಂತ ಬುದ್ಧಿವಂತನೆಂದು. ಆ ಮನೆಯಲ್ಲಿ ಮುಂದೆ ಏನಾಯಿತೋ ಗೊತ್ತಿಲ್ಲ.

ಇವರಿಗೆ ಈ ಹುಚ್ಚು ಯಾಕೆ ಹತ್ತಿತೆಂದು ಕಚೇರಿಯಲ್ಲಿ ತಲೆಗೊಂದು ಕಥೆ ಇತ್ತು. ಅವರ ಅಪ್ಪ ಎಣ್ಣಿ ಹೊಡೆಯುತ್ತ ಸತ್ತನಂತೆ ಎಂದು ಒಬ್ಬರು. ತಮ್ಮನಂತೆ ಎಂದು ಇನ್ನೊಬ್ಬರು. ನಾನೊಮ್ಮೆ ನೇರವಾಗಿ ಕೇಳಿಯೇಬಿಟ್ಟೆ.

"ನಮ್ಮಪ್ಪ ಸಾಲಿ ಮಾಸ್ತರ. ಖುರ್ಚಿ ಮ್ಯಾಲೆ ಕುಂತು, ಚಹಾ ಕುಡದು, ವಯಸ್ಸಾಗಿ ಸತ್ತ. ಯಾಕ ತಮ್ಮಾ, ಕಣ್ಣಿಗೆ ಕಂಡದ್ದಕ್ಕ ಸಿಟ್ಟ ಬರಬೇಕಂದ್ರ ಮನ್ಯಾಗೊಂದ ಹೆಣ ಬೀಳಬೇಕೇನು?"



ಜಮೀನುದಾರರು ಸೇರಿ ಮೇಲಿನವರಿಗೆ ಹೇಳಿ ಅವರನ್ನು ಬೈಲಹೊಂಗಲದಿಂದ ಸವದತ್ತಿಗೆ ಬದ್ಲಿ ಮಾಡಿಸಿದರು. ಸವದತ್ತಿಯವರು ಸುಮ್ಮನಿರುತ್ತಾರೆಯೇ, ರಾಮದುರ್ಗಕ್ಕೆ ಸಾಗಿಸಿದರು. ಹೀಗೆ ಕೂಲಿಕಾರರ ಸುರಕ್ಷತೆಯನ್ನು ತಾಲೂಕಿನಿಂದ ತಾಲೂಕಿಗೆ ಹಬ್ಬಿಸುವ ಕೆಲಸವನ್ನು ನಮ್ಮ ಜಮೀನುದಾರರೇ, ಸರಕಾರದ ಖರ್ಚಿನಲ್ಲಿ, ಶ್ರದ್ಧೆಯಿಂದ ಮಾಡಿದರು. ಅವರಿಗೆ ಯಾರೂ ಶಾಲು ಹೊದಿಸದೆ ಇದ್ದದ್ದು ಅನ್ಯಾಯ.

ಸವದತ್ತಿಯಲ್ಲಿದ್ದಾಗ ಅವರಿಗೆ ಇನ್ನೊಂದು ಗೀಳು ಹತ್ತಿತು. ಹತ್ತಿ ಬಿಡಿಸುವ, ಕಸ ತೆಗೆಯುವ ಹೆಣ್ಣುಮಕ್ಕಳಿಗೆ ಸೀರೆಯ ಮೇಲೆ ಹಾಕಿಕೊಳ್ಳಲು ತುಂಬುತೋಳಿನ ಅರಿವೆ ಅಂಗಿ ಬೇಕೆಂದು ಕಚೇರಿಯಲ್ಲಿ ಎಲ್ಲರ ಹಳೆಯ ಅಂಗಿಗಳನ್ನು ಬೇಡತೊಡಗಿದರು. ದೊಡ್ಡ ಸಾಹೇಬರ ಮನೆಗೂ ಹೋಗಿ, ಅವರ ಹೆಂಡತಿ ಬಾಯಾರ ಕಡೆಯಿಂದ ಒಂದು ಗಂಟು ತಂದರು. ಮುಂದೆ ನಾನು ಅವರನ್ನು ಕಾಣಲು ಹೋದಾಗ ಸಿರಸಂಗಿಯ ಒಂದು ಹೊಲದಲ್ಲಿ ಸಾಹೇಬರ ಚೌಕಡಿ ಅಂಗಿ ತೊಟ್ಟು ಒಬ್ಬ ಮುದುಕಿ ಕಸ ತೆಗೆಯುತ್ತಿದ್ದಳು. ಇವರು ಬೈಕು ನಿಲ್ಲಿಸಿ, ಬಹಳ ಹೊತ್ತು ನೋಡಿ ಅಂದರು:

"ನೋಡು ತಮ್ಮಾ, ಸಾಹೇಬ್ರ ಅಂಗಿ ಮೊದಲನೇ ಸಲ ಹೊಲದಾಗ ಕೆಲಸ ಮಾಡಾಕ ಹತ್ತೇತಿ."

ರಾಮದುರ್ಗಕ್ಕೆ ಅವರ ಹಿಂದೆಯೇ ನನಗೂ ಬದ್ಲಿಯಾಯಿತು. ಸುರೇಬಾನದ ಸಂಗತಿ ನಡೆದದ್ದು ಆಗ.

ಮಳೆ ಬಿಟ್ಟು ಬಿಸಿಲು ಚುರುಗುಟ್ಟುವ ದಿನಗಳು. ನಾವಿಬ್ಬರೂ ಬೈಕಿನಲ್ಲಿ ಸುರೇಬಾನದ ಕಡೆ ಹೊರಟಿದ್ದೆವು. ಒಬ್ಬ ಹೆಂಗಸು ಹೊಲದಿಂದ ಓಡಿಬಂದು ಎರಡೂ ಕೈ ಅಗಲಿಸಿ ರಸ್ತೆಗೆ ಅಡ್ಡ ನಿಂತಳು. ಕಸ್ತೂರೆವ್ವ ಎಂದು ಹೆಸರು. ಅವಳ ಗಂಡ ಫಕೀರಪ್ಪ ಬೆಳಗಿನಿಂದ ಹತ್ತಿಗೆ ಎಣ್ಣಿ ಹೊಡೆಯುತ್ತಿದ್ದವನು ಈಗ ಜಾಲಿಗಿಡದ ಬುಡದಲ್ಲಿ ಬಿದ್ದಿದ್ದ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ವಾಂತಿ. ಕರೆದರೆ ಓ ಅನ್ನುತ್ತಿರಲಿಲ್ಲ. ಹೊಲದ ಸಾವ್ಕಾರರು ಕಾರಿನಲ್ಲಿ ಬಂದಿದ್ದರು, ಸ್ವಲ್ಪ ದೂರದಲ್ಲಿ ನಿಂತಿದ್ದರು.

"ಏನಿಲ್ರಿ ಸಾಹೇಬ್ರ, ಕುಡದಾನ. ಇವರದ ದಿನಾ ಇದ ಕತಿ," ಅಂದರು.

"ಹೌದ್ರಿ ಸಾವ್ಕಾರ್ರ, ಕುಡದಾನ. ನಿಮ್ಮ ಎಣ್ಣೀನ ತೊಗಲಿನಿಂದ ಕುಡದಾನ."

ಹೇಳುತ್ತಲೇ ಅವರು ಫಕೀರಪ್ಪನ ತೊಯ್ದ ಅಂಗಿಯನ್ನು ಹರಿದು ತೆಗೆದರು. ನಾನು ಕ್ಯಾನಿನ ನೀರು ಸುರಿದೆ, ಅವರು ಸಾಬೂನು ಹಚ್ಚಿ ಎದೆ, ಬೆನ್ನು, ತೋಳು ತೊಳೆದರು. ಖಾಲಿ ಡಬ್ಬಿಯೊಂದನ್ನು ಹುಡುಕಿ ಚೀಲಕ್ಕೆ ಹಾಕಿಕೊಂಡರು. ಕಾರಿನ ಬಾಗಿಲು ತೆಗೆದಾಗ ಸಾವ್ಕಾರರು ಹಿಂದೆಮುಂದೆ ನೋಡಿದರು.

"ವಾಂತಿ ಮಾಡ್ಕೊಂಡಾನ್ರಿ. ಸೀಟು..."

"ಖರೆ ಐತ್ರಿ. ಸೀಟು ಕೆಟ್ರ ಮತ್ತ ಸಿಗೂದು ಕಷ್ಟ. ಮನಷ್ಯಾರಾದ್ರ ಸುರೇಬಾನದಾಗ ಬೇಕಾದಷ್ಟ ಅದಾರ. ಆದ್ರೂ ಇವತ್ತೊಂದಿನ ನಡಸ್ರಿ."

ರಾಮದುರ್ಗದ ದವಾಖಾನೆಯಲ್ಲಿ ಒಬ್ಬ ಎಳೆಯ ಡಾಕ್ಟರು. ಯಾವ ಔಷಧಿ ಎಂದು ಕೇಳುವ ಮೊದಲೇ ಇವರು ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟರು. ಡಾಕ್ಟರು ಅದರ ಮೇಲಿನದನ್ನು ಓದಿ ಇಂಜೆಕ್ಷನ್ನು ಸುರುಮಾಡಿದರು. ಅಷ್ಟರಲ್ಲಿ ಸಾವ್ಕಾರರು ಡಾಕ್ಟರ ಹತ್ತಿರ ಹೋಗಿ ದನಿ ಇಳಿಸಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ಮನ್ಯಾಗ ಗಂಡ ಹೆಂಡತಿ ಜಗಳ ಆಡ್ಯಾರ್ರಿ. ಸಿಟ್ಟಿಗೆ ತಾನ ಕುಡದಾನ. ಹಂಗ ಬರ್ಕೋರಿ."

ಕಸ್ತೂರೆವ್ವ ಬಾಗಿಲಲ್ಲಿ ನಿಂತಿದ್ದಳು. ಗಂಡ ಸಾಯುವ ಹೊತ್ತಿನಲ್ಲಿ ಅವನನ್ನು ಸಾಯಿಸಿದವಳು ತಾನೇ ಎಂದು ಕೇಳಿಸಿಕೊಳ್ಳುವ ಮುಖ ಹೇಗಿರುತ್ತದೆಂದು ನಾನು ಅವತ್ತು ನೋಡಿದೆ.

ಡಾಕ್ಟರು ತಲೆಯೆತ್ತದೆ ಅಂದರು, "ಬಾಯಿಂದ ಕುಡದಿಲ್ರಿ. ಬಾಯಾಗ ವಾಸನಿ ಇಲ್ಲ. ಮೈತುಂಬ ಐತಿ, ಅರಿವಿ ತುಂಬ ಐತಿ. ಹೊಡಿಯೂಮುಂದ ಆಗಿದ್ದು ಇದು. ನೀವು ಹೊರಗ ಕುಂಡ್ರಿ."

ಸಾವ್ಕಾರರು ಹೊರಗೆ ಕೂತರು. ಇವರು ಅವರನ್ನು ಹೊಗಳುವ ಮನಸ್ಸಿನಲ್ಲೂ ಇರಲಿಲ್ಲ. ಕಸ್ತೂರೆವ್ವನ ಹತ್ತಿರ ಹೋಗಿ ನಿಂತರು. ಅವರೊಂದು ಮಾತನ್ನು ಸೊಟ್ಟ ಮಾಡದೆ ಆಡಿದ್ದು ನಾನು ಕೇಳಿದ್ದು ಅಲ್ಲೇ.

"ನಿಂದೇನೂ ತಪ್ಪಿಲ್ಲವ್ವಾ. ಅವಂದೂ ಇಲ್ಲ. ಇದನ್ನ ಯಾರ ಕೇಳಿದ್ರೂ ಹಿಂಗ ಹೇಳು. ಅಳುಕಬ್ಯಾಡ."

ಫಕೀರಪ್ಪ ಉಳಿದ. ಆದರೆ ಬಹಳ ದಿನ ಕೈ ನಡುಗುತ್ತಿತ್ತು, ಭಾರ ಹೊತ್ತರೆ ಏದುಸಿರು. ಪಂಪನ್ನು ಮತ್ತೆ ಮುಟ್ಟಲಿಲ್ಲ. ನಾಲ್ಕು ಆಡು ಕಟ್ಟಿಕೊಂಡು ಮನೆ ಹಿಡಿದ. ದುಡಿಮೆ ಕಸ್ತೂರೆವ್ವನ ತಲೆಗೆ ಬಂತು. ಅವಳು ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಊರೂರಿಗೆ ಕಸ ತೆಗೆಯಲು ಹೋಗತೊಡಗಿದಳು.

ಸಾವ್ಕಾರರು ಸುಮ್ಮನೆ ಕೂಡಲಿಲ್ಲ. ಕೃಷಿ ಅಧಿಕಾರಿಯೊಬ್ಬ ದವಾಖಾನೆಯಲ್ಲಿ ತಮ್ಮ ಮಾನ ತೆಗೆದನೆಂದು, ಊರೂರಲ್ಲಿ ಮರ್ಯಾದಸ್ಥರಿಗೆ ಪಂಪು ಹೊರಿಸುತ್ತಾನೆಂದು ಅರ್ಜಿ ಹೋಯಿತು. ವಿಚಾರಣೆಗೆ ನನ್ನನ್ನೂ ಸಾಕ್ಷಿಯೆಂದು ಕರೆದಿದ್ದರು. ಸಾಹೇಬರು ಹೇಳಿದ್ದೆಲ್ಲ ಖರೆ, ಮಾಡಿದ್ದು ಸರಿ ಅಂದೆ. ನನ್ನ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೇಲಿನ ಸಾಹೇಬರು ಇವರ ಕಡೆ ತಿರುಗಿದರು.

"ಮಾಲಕರಿಗೆ ಪಂಪು ಹೊರಸಬೇಕಂತ ಯಾವ ಸುತ್ತೋಲೆಯೊಳಗ ಐತ್ರಿ?"

"ಯಾವದರಾಗೂ ಇಲ್ರಿ ಸರ. ಆಳಿಗೆ ಹೊರಸಬೇಕಂತ ಯಾವದರಾಗ ಐತಿ, ಅದನ್ನ ಹುಡಕಾಕ ಹತ್ತೇನಿ. ಸಿಕ್ಕ ಕೂಡಲೆ ತಮಗ ತಂದು ಕೊಡತೇನ್ರಿ."

ಅವರಿಗೆ ಶಿಕ್ಷೆಯಾಗಿ ಸಿಕ್ಕದ್ದು ಕಿತ್ತೂರು. ಅಲ್ಲಿ ಹೊಲ ತಿರುಗುವ ಕೆಲಸವಿಲ್ಲ, ತರಬೇತಿ ಶಿಬಿರಗಳ ಪೆಂಡಾಲು, ಊಟ, ಹಾರ ನೋಡಿಕೊಳ್ಳುವುದು. ಮೊದಲ ಶಿಬಿರವೇ ಕೃಷಿ ಕಾರ್ಮಿಕರ ಸುರಕ್ಷತೆಯದು. ಯಾರ ಚೇಷ್ಟೆಯೋ ಗೊತ್ತಿಲ್ಲ.

ಆ ಶಿಬಿರಕ್ಕೆ ನಾನೂ ಹೋಗಿದ್ದೆ. ಬೇಸಿಗೆಯ ಮಟಮಟ ಮಧ್ಯಾಹ್ನ, ತಗಡಿನ ಪೆಂಡಾಲು. ವೇದಿಕೆಯ ಮೇಲೆ ಗಣ್ಯರು, ಕೆಳಗೆ ಕೂಲಿಕಾರರು. ಪದ್ಧತಿಯಂತೆ ಗಣ್ಯರು ನಾಲ್ಕಾರು ಆಳುಗಳಿಗೆ ಸುರಕ್ಷಾ ಕಿಟ್ಟು ಹಂಚುವ ಫೋಟೋ ತೆಗೆಸಬೇಕು. ಪ್ಲಾಸ್ಟಿಕ್ಕಿನ ಇಡೀ ಮೈ ಅಂಗಿ, ರಬ್ಬರಿನ ಕೈಗವಸು, ಬೂಟು, ಕನ್ನಡಕ, ಮೂಗುಪಟ್ಟಿ. ಫೋಟೋ ಆದಮೇಲೆ ಕಿಟ್ಟುಗಳನ್ನು ವಾಪಸು ಪಡೆದು ಮುಂದಿನ ಶಿಬಿರಕ್ಕೆ ಕಟ್ಟಿಡಬೇಕು. ಕೂಲಿಕಾರರ ಸುರಕ್ಷತೆಗಿಂತ ಕಿಟ್ಟುಗಳ ಸುರಕ್ಷತೆ ನಮ್ಮಲ್ಲಿ ಚೆನ್ನಾಗಿತ್ತು.

ಇವರು ಮೈಕು ಹಿಡಿದರು. ಗಣ್ಯರು ಸಮಾಜಕ್ಕೆ ಮಾದರಿಯಾದವರು, ಆದ್ದರಿಂದ ಕಿಟ್ಟುಗಳನ್ನು ಮೊದಲು ತಾವೇ ಧರಿಸಿ ಭಾಷಣ ಮಾಡುತ್ತಾರೆ ಎಂದು ಸಾರಿದರು. ಕೂಲಿಕಾರರು ಚಪ್ಪಾಳೆ ತಟ್ಟಿದರು. ಪತ್ರಿಕೆಯವರು ಕ್ಯಾಮರಾ ಎತ್ತಿದರು. ಗಣ್ಯರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ನಮ್ಮ ಇಲಾಖೆಯ ಇತಿಹಾಸದಲ್ಲೇ ಅಷ್ಟು ಚಿಕ್ಕ ಭಾಷಣಗಳನ್ನು ನಾನು ಕೇಳಿಲ್ಲ. ಮುಖ್ಯ ಅತಿಥಿಗಳು ಕಾರ್ಮಿಕರೇ ದೇಶದ ಬೆನ್ನೆಲುಬು ಅಂದವರು ತಮ್ಮ ಬೆನ್ನಿನ ಮೇಲೆ ಹರಿಯುವ ಬೆವರಿಗೆ ಸೋತು ಅಲ್ಲೇ ನಿಲ್ಲಿಸಿದರು. ಅಧ್ಯಕ್ಷರ ಕನ್ನಡಕ ಒಳಗಿನಿಂದ ಮಬ್ಬಾಗಿ, ಇಳಿಯಲು ಮೆಟ್ಟಿಲು ಕಾಣದೆ ಕೈ ಚಾಚಿದರು. ಕೊನೆಗೆ ಅವರೇ ಅಂದರು:

"ಇದನ್ನ ಹಾಕ್ಕೊಂಡು ಯಾರ ಕೆಲಸಾ ಮಾಡ್ತಾರ್ರಿ, ಕುದ್ದು ಸಾಯಬೇಕಾಕ್ಕೈತಿ."

"ಅದನ್ನ ಮ್ಯಾಲಿನವರಿಗೆ ಬರದು ಕಳಸೂದೈತ್ರಿ ಸರ. ತಾವು ಬಾಯಿಲೆ ಹೇಳಿದ್ರಿ, ಭಾಳ ಉಪಕಾರಾತು."

ಮುಂದಿನ ವರ್ಷ ಪೆಂಡಾಲು ಇರಲಿಲ್ಲ. ದೇಗಾಂವದ ಹತ್ತಿರ ಒಂದು ಹೊಲದಲ್ಲಿ, ಬಿಸಿಲೇರುವ ಮೊದಲು ಶಿಬಿರ ಮುಗಿಯಿತು. ಪ್ಲಾಸ್ಟಿಕ್ಕಿನ ಬದಲು ಅರಿವೆಯ ತುಂಬುತೋಳಿನ ಅಂಗಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯುವುದು, ಹೊಡೆದ ಹೊಲಕ್ಕೆ ಕೂಡಲೇ ಇಳಿಯದಿರುವುದು, ಮನೆಗೆ ಹೋಗುವ ಮೊದಲು ಸಾಬೂನು. ಗಣ್ಯರು ಅಷ್ಟು ಬೆಳಿಗ್ಗೆ ಏಳುವವರಲ್ಲ. ಫೋಟೋ ಚೆನ್ನಾಗಿ ಬರಲಿಲ್ಲವೆಂದು ಮೇಲಿನಿಂದ ಆಕ್ಷೇಪಣೆ ಬಂತು. ಅದೇ ವರ್ಷ ಅವರು ನಿವೃತ್ತರಾದರು, ಇಲಾಖೆ ಸಮಾಧಾನದ ಉಸಿರು ಬಿಟ್ಟು ಅವರಿಗೊಂದು ಗಡಿಯಾರ ಕೊಟ್ಟಿತು.

ನಿವೃತ್ತಿಯ ಮೇಲೆ ಬೈಲಹೊಂಗಲದ ಮನೆಯಲ್ಲಿ ಅವರು ಹೊಗಳಲು ಯಾರೂ ಸಿಗದೆ ಸೊರಗಿದರು. ಹೋದ ಶ್ರಾವಣದಲ್ಲಿ ಒಂದು ದಿನ ಬಸ್ಸು ಹಿಡಿದು ರಾಮದುರ್ಗಕ್ಕೆ ನನ್ನ ಹತ್ತಿರ ಬಂದರು. "ಫಕೀರಪ್ಪನ್ನ ನೋಡಿ ಭಾಳ ದಿನಾ ಆತು, ನಡಿ," ಅಂದರು. ಬೈಕಿನಲ್ಲಿ ಹೊರಟೆವು.

ಸುರೇಬಾನ ಇನ್ನೂ ಸ್ವಲ್ಪ ದೂರವಿರುವಾಗ ಸಾವ್ಕಾರರ ಹತ್ತಿ ಹೊಲದ ಮೇಲೆ ಒಂದು ಡ್ರೋನು ಗುಂಯ್‌ಗುಟ್ಟುತ್ತಿತ್ತು. ಎಣ್ಣಿ ಹೊಡೆಯಲು ಈಗ ಬಾಡಿಗೆಗೆ ಸಿಗುತ್ತದೆ. ಆಳು ಬೇಡ, ಮೂಗುಪಟ್ಟಿ ಬೇಡ, ದವಾಖಾನೆ ಬೇಡ. ಕೂಲಿಕಾರರ ಸುರಕ್ಷತೆಗೆ ಸಾವ್ಕಾರರು ಕಂಡುಕೊಂಡ ಉಪಾಯವಿದು, ಕೂಲಿಕಾರರೇ ಇಲ್ಲದಂತೆ ಮಾಡುವುದು. ಮರೆತದ್ದು ಒಂದೇ. ಒಡ್ಡಿನ ಈಚೆ ಅವರದೇ ಶೇಂಗಾ ಹೊಲದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕಸ ತೆಗೆಯುತ್ತಿದ್ದರು. ಗಾಳಿ ಈ ಕಡೆಗಿತ್ತು. ಬಿಳಿಯ ತುಂತುರು ಒಡ್ಡು ದಾಟಿ ಅವರ ತಲೆಯ ಮೇಲೆ ಇಳಿಯುತ್ತಿತ್ತು.

ನಾನು ಬೈಕು ನಿಲ್ಲಿಸಿದೆ. ಅಷ್ಟರಲ್ಲಿ ಸಾಲಿನ ತುದಿಯಲ್ಲಿದ್ದ ಒಬ್ಬಳು ಎದ್ದಳು. ಕಸ್ತೂರೆವ್ವ. ಅವಳು ಕೈಯಾಡಿಸಿದ್ದಕ್ಕೆ ಉಳಿದವರೂ ಎದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಬುತ್ತಿಗಂಟು ಎತ್ತಿಕೊಂಡು ರಸ್ತೆಯ ಬದಿಗೆ ಬಂದು ಕೂತರು. ಹಿಂದೆಯೇ ಸಾವ್ಕಾರರ ಕಾರು ಬಂತು.

"ಯಾಕ ಕುಂತೀರಿ? ಹೊತ್ತ ಎಷ್ಟಾಗೇತಿ?"

ನಮ್ಮ ಸಾಹೇಬರು ಬೈಕಿನಿಂದ ಇಳಿದು ಗಂಟಲು ಸರಿಮಾಡಿಕೊಂಡರು. ಎಷ್ಟೋ ದಿನಗಳಿಂದ ಕೂಡಿಟ್ಟ ಹೊಗಳಿಕೆ ಇರಬೇಕು. ಬಾಯಿ ತೆರೆಯುವಷ್ಟರಲ್ಲಿ ಕಸ್ತೂರೆವ್ವ ಸುರುಮಾಡಿದ್ದಳು.

"ಏನಿಲ್ರಿ ಸಾವ್ಕಾರ್ರ. ನಿಮ್ಮ ವಿಮಾನ ಭಾಳ ಚಂದ ಐತಿ. ಕಣ್ಣ ಅಷ್ಟ ಮಂದ ಅದಾವೋ ಏನೋ. ಹತ್ತಿಗಿಡ ಯಾವದು, ಹೆಣ್ಣಮಕ್ಕಳು ಯಾರು, ಅದಕ್ಕ ತಿಳಿವಲ್ದು. ನಮಗ ಇನ್ನೂ ಹುಳ ಬಿದ್ದಿಲ್ರಿ."

ಹೆಣ್ಣುಮಕ್ಕಳು ಸೆರಗಿನೊಳಗೆ ನಕ್ಕರು. ಸಾವ್ಕಾರರ ಮುಖ ಕೆಂಪಾಯಿತು.

"ಏಳೂದಿಲ್ಲಂದ್ರ ಬ್ಯಾರೆ ಮಂದೀನ್ನ ಕರಸ್ತೇನಿ."

"ಕರಸ್ರಿ. ಯಾರನ್ನ ಕರಸ್ತೀರಿ? ಊರಾಗ ಕಸಾ ತಗಿಯೂ ಮಂದಿ ಎಲ್ಲಾ ಇಲ್ಲೇ ಕುಂತೇವಿ. ಸಾವಕಾಶ ಹೊಡಿಸ್ಕೋರಿ. ಅದು ಇಳಿದ ಮ್ಯಾಲೆ ನಾವು ಏಳತೇವಿ. ಇವತ್ತ ಆ ಕಡಿ ಸಾಲ ಹಿಡಿತೇವಿ, ಒಡ್ಡಿನ ಕಡೀದು ನಾಡದ ನೋಡೂಣು."

ಸಾವ್ಕಾರರು ಆಕಾಶ ನೋಡಿದರು, ಹೆಣ್ಣುಮಕ್ಕಳ ಸಾಲು ನೋಡಿದರು, ನಮ್ಮನ್ನು ನೋಡಿ ನೋಡದಂತೆ ಮಾಡಿದರು. ಆಮೇಲೆ ಒಡ್ಡಿನ ಮೇಲೆ ಹೋಗಿ ಡ್ರೋನಿನವನಿಗೆ ಕೈ ಬೀಸಿದರು. ಗುಂಯ್ ಅನ್ನುವ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಕಸ್ತೂರೆವ್ವ ಅವಸರ ಮಾಡಲಿಲ್ಲ. ಬುತ್ತಿ ಬಿಚ್ಚಿ, ಕೈ ತೊಳೆಯಲು ಸಾಬೂನು ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದಳು.

ನಾನು ಸಾಹೇಬರ ಮುಖ ನೋಡಿದೆ. ಅವರ ಬಾಯಿ ಅರ್ಧ ತೆರೆದೇ ಇತ್ತು. ಅದನ್ನು ಮುಚ್ಚಿ, ಬೈಕಿನ ಹಿಂದೆ ಏರಿ ಕೂತು ನನ್ನ ಹೆಗಲು ತಟ್ಟಿದರು.

"ನಡಿ ತಮ್ಮಾ," ಅಂದರು, "ಇಲ್ಲಿ ನಂದೇನೂ ಕೆಲಸಿಲ್ಲ."